‘ಪೌಂಚಿ’ ನಮ್ಮ ಮಾತೇ, ಎರವಲೇ?

ಓದುಗರ ಪ್ರಶ್ನೆ

ನಮ್ಮದು ಕೊಡಗಿನ ಗೋಣಿಕೊಪ್ಪಲು ಹತ್ತಿರದ ಊರು. ಮಗಳ ಮದುವೆ ಗೊತ್ತಾಗಿದೆ. ಅದಕ್ಕೆ ಮೊದಲು ಮನೆಯ ಹಳೆ ಒಡವೆಗಳ ಫೋಟೊ ತೆಗೆದು, ಒಂದೊಂದಕ್ಕೂ ಹೆಸರು, ವಿವರ ಬರೆದು, ಒಕ್ಕದ (ಮನೆತನದ) ಮಕ್ಕಳಿಗೆಲ್ಲ ಸಿಗುವ ಹಾಗೆ ಚಿಕ್ಕ ಪುಸ್ತಕ ಮಾಡೋಣ ಎಂದು ಹೊರಟೆವು. ಕೊರಳಿಗೆ ಹಾಕುವ ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಎಲ್ಲ ಸಲೀಸಾಗಿ ಮುಗಿದವು. ಕೈಗೆ ಹಾಕುವ ಒಂದು ಜೊತೆಯ ಹತ್ತಿರ ಬಂದು ನಿಂತುಬಿಟ್ಟಿದ್ದೇವೆ. ಮಾವಿ (ನನ್ನ ಅತ್ತೆ) ಅದನ್ನು ‘ಪೌಂಚಿ’ ಎನ್ನುತ್ತಾರೆ. ಮೈಸೂರಿನ ಚಿನ್ನದಂಗಡಿಯವರು ತೂಕ ಹಾಕಿ ‘ಬ್ರೇಸ್‌ಲೆಟ್’ ಎಂದು ಚೀಟಿ ಬರೆದರು. ಮೈದುನ, ಐದು ಸಾಲು ಇರುವುದಕ್ಕೆ ‘ಪಂಚಿ’, ಅದೇ ಪೌಂಚಿ ಎನ್ನುತ್ತಾನೆ. ಆದರೆ ನಮ್ಮದರಲ್ಲಿ ಮೂರೇ ಸಾಲು. ಇನ್ನೊಬ್ಬ ನೆಂಟರು, ಅದು ಹಿಂದಿ ಪದ, ಪುಸ್ತಕದಲ್ಲಿ ಹಾಕಿದರೆ ನಾಳೆ ನಗುತ್ತಾರೆ, ‘ಕೈಬಳೆ’ ಎಂದು ಹಾಕಿ ಅಂದರು. ಅದನ್ನು ಕೇಳಿ ಮಾವಿಗೆ ಬೇಸರವಾಗಿದೆ. ಜೊತೆಗೆ ವಾಟ್ಸಾಪಿನಲ್ಲಿ, ‘ಬಳೆ’ ಬಂದದ್ದು ‘ಬಲ’ದಿಂದ, ಇಂಗ್ಲಿಷಿನ ‘ಬ್ಯಾಂಗಲ್’ ಬಂದದ್ದು ನಮ್ಮ ‘ಬಂಗಾರ’ದಿಂದ ಎಂದೆಲ್ಲ ಓಡಾಡುತ್ತಿದೆ. ಯಾವುದು ನಿಜ? ನಾವು ಏನೆಂದು ಬರೆಯಬೇಕು?

ಉತ್ತರ

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡಿವೆ. ಪದ ಎಲ್ಲಿ ಹುಟ್ಟಿತು ಎಂಬುದು ಒಂದು. ಅದು ಇವತ್ತು ಯಾರ ಮಾತು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ನಿಮ್ಮ ನೆಂಟರ ಮಾತು ನಿಜ, ‘ಪೌಂಚಿ’ ಉತ್ತರದ ಕಡೆಯಿಂದ ಬಂದ ಪದವೇ. ಎರಡನೆಯದರಲ್ಲಿ ನಾನು ನಿಮ್ಮ ಮಾವಿಯವರ ಪಕ್ಷ. ಪುಸ್ತಕದಲ್ಲಿ ‘ಪೌಂಚಿ’ಯನ್ನೇ ಹಾಕಿ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಹಿಂದಿಯಲ್ಲಿ ‘ಪಹುಂಚಾ’ ಎಂದರೆ ಮಣಿಕಟ್ಟು. ಅಲ್ಲಿಗೆ ಹಾಕುವ ಒಡವೆ ‘ಪಹುಂಚೀ’. ಬೆರಳು ಹಿಡಿಯಲು ಬಿಟ್ಟರೆ ಪಹುಂಚಾ ಹಿಡಿದ ಎಂಬ ಗಾದೆ ಆ ಭಾಷೆಯಲ್ಲಿದೆ. ನಮ್ಮಲ್ಲಿ ಬೆರಳು ತೋರಿಸಿದರೆ ಹಸ್ತ ನುಂಗಿದ ಎನ್ನುತ್ತೇವಲ್ಲ, ಅದೇ ಜಾಡು. ಆ ಗಾದೆಯಲ್ಲಿ ಒಡವೆಯ ಸುಳಿವೇ ಇಲ್ಲ, ಬರೀ ಕೈಯ ಭಾಗ ಇದೆ. ಆದ್ದರಿಂದ ಅಂಗದ ಹೆಸರು ಮೊದಲು, ಒಡವೆಯ ಹೆಸರು ಅದರಿಂದ ಹುಟ್ಟಿದ್ದು ಎನ್ನುವುದಕ್ಕೆ ಅನುಮಾನ ಬೇಡ. ಉತ್ತರದ ಪಹುಂಚೀ ಸಾಮಾನ್ಯವಾಗಿ ಮಣಿಗಳನ್ನೋ ಚಿನ್ನದ ಗುಂಡುಗಳನ್ನೋ ಸಾಲಾಗಿ ಪೋಣಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದು. ಬಳೆಯಂತೆ ಬೆರಳು ಮಡಿಸಿ ತೂರಿಸುವುದಲ್ಲ, ಸುತ್ತಿ ಕೊಂಡಿ ಹಾಕುವುದು. ನಿಮ್ಮ ಮನೆಯದೂ ಬಿಚ್ಚಿ ಹಾಕುವಂಥದ್ದಾದರೆ ಹೆಸರಿನ ಜೊತೆ ರೂಪವೂ ಬಂದಿದೆ ಎಂದಾಯಿತು.

‘ಪಹು’ ಎಂಬುದು ‘ಪೌ’ ಆದದ್ದರಲ್ಲಿ ಆಶ್ಚರ್ಯವಿಲ್ಲ. ನಡುವಿನ ಹಕಾರ ದಕ್ಷಿಣಕ್ಕೆ ಬರುವ ಹೊತ್ತಿಗೆ ಸವೆಯುತ್ತದೆ. ಕಾವಲಿನ ‘ಪಹರಾ’ ನಮ್ಮ ಬಾಯಲ್ಲಿ ‘ಪಾರಾ’ ಆಯಿತು, ‘ಸಾಹೇಬ’ರು ‘ಸಾಬ’ರಾದರು.

ನಿಮ್ಮ ಮೈದುನರ ‘ಐದು ಸಾಲಿನ’ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ಐದರಿಂದ ಬಂದದ್ದಾದರೆ ‘ಪಾಂಚಿ’ ಎಂದೋ ‘ಪಂಚಿ’ ಎಂದೋ ಆಗಬೇಕಿತ್ತು, ‘ಔ’ಕಾರಕ್ಕೆ ಜಾಗವೇ ಇಲ್ಲ. ಅದಕ್ಕಿಂತ ಸರಳ ಸಾಕ್ಷಿಯನ್ನು ನೀವೇ ಕೊಟ್ಟಿದ್ದೀರಿ, ನಿಮ್ಮದು ಮೂರು ಸಾಲಿನದು. ಮೈದುನರನ್ನು ಹಂಗಿಸಬೇಡಿ, ಇದು ಎಲ್ಲರೂ ಮಾಡುವ ಕೆಲಸ. ಅರ್ಥ ತಿಳಿಯದ ಪದ ಎದುರಾದರೆ ಮನಸ್ಸು ಸುಮ್ಮನಿರುವುದಿಲ್ಲ, ತನಗೆ ಗೊತ್ತಿರುವ ಪದವೊಂದನ್ನು ಹುಡುಕಿ ಅದಕ್ಕೆ ಗಂಟು ಹಾಕುತ್ತದೆ. ಊರ ಹೆಸರುಗಳ ಕತೆಗಳಲ್ಲಿ ಅರ್ಧಕ್ಕರ್ಧ ಹೀಗೆ ಹುಟ್ಟಿದವು.

ಇನ್ನು ಹಿಂದಿ ಪದ ಕೊಡಗಿನ ಮನೆಯೊಳಗೆ ಹೇಗೆ ಬಂತು? ಒಡವೆಯ ಹೆಸರುಗಳು ಬೇರೆ ಪದಗಳಂತೆ ಅಲ್ಲ, ಬಹಳ ತಿರುಗಾಡುತ್ತವೆ. ಕೈ, ಕಣ್ಣು, ಅವ್ವ, ನೀರು ಇಂಥ ಪದಗಳನ್ನು ಯಾರೂ ಹೊರಗಿನಿಂದ ತರುವುದಿಲ್ಲ, ಮನೆಯಲ್ಲೇ ಇರುತ್ತವೆ. ಒಡವೆ ಹಾಗಲ್ಲ. ಚಿನ್ನ ಹೊರಗಿನಿಂದ ಬರುತ್ತದೆ, ಅಕ್ಕಸಾಲಿ ಬೇರೆ ಊರಲ್ಲಿ ಕಲಿತಿರುತ್ತಾನೆ, ಹೊಸ ನಮೂನೆ ತೋರಿಸುವಾಗ ಅದರ ಹೆಸರನ್ನೂ ಹೇಳುತ್ತಾನೆ. ನೀವು ‘ಸಲೀಸಾಗಿ ಮುಗಿದವು’ ಎಂದ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ‘ಜೋಮಾಲೆ’ಯ ಮಾಲೆ ಸಂಸ್ಕೃತದ್ದು. ‘ಪತ್ತಾಕ್’ ಪದಕದ ನೆಂಟ ಎಂದೇ ನನ್ನ ಎಣಿಕೆ. ನಿಮ್ಮ ಪೆಟ್ಟಿಗೆಯಲ್ಲಿ ‘ಕಡಗ’ವೂ ಇದ್ದೀತು, ಅದರ ಕತೆ ಮುಂದೆ ಹೇಳುತ್ತೇನೆ. ಮಗಳ ಕೊರಳಿಗೆ ಪತ್ತಾಕ್ ಕಟ್ಟುವಾಗ ಇದು ಯಾವ ಭಾಷೆಯ ಪದ ಎಂದು ಯಾವ ತಾಯಿಯೂ ಕೇಳುವುದಿಲ್ಲ. ಹಾಗಿರುವಾಗ ಪೌಂಚಿಯೊಂದನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸುವುದು ನ್ಯಾಯವಲ್ಲ.

ಇದಕ್ಕೆ ತಿರುಗಿದ ಉದಾಹರಣೆಯೂ ಇದೆ. ಇವತ್ತು ಜಾತ್ರೆಗಳಲ್ಲಿ, ಗೋಣಿಕೊಪ್ಪಲಿನ ಅಂಗಡಿಗಳಲ್ಲಿ ಸಿಗುವ ಗಾಜಿನ ಬಳೆ ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನ ಕುಲುಮೆಗಳಿಂದ ಬರುವಂಥದ್ದು. ಆದರೂ ಅದನ್ನು ನಾವು ‘ಚೂಡಿ’ ಎನ್ನುವುದಿಲ್ಲ, ‘ಬಳೆ’ ಎಂದೇ ಕರೆಯುತ್ತೇವೆ. ದುಂಡಗೆ, ಕೊಂಡಿಯಿಲ್ಲದೆ, ಕೈಯೊಳಗೆ ತೂರಿಸುವ ವಸ್ತುವಿಗೆ ನಮ್ಮಲ್ಲಿ ಮೊದಲೇ ಹೆಸರಿತ್ತು, ಅದು ಜಾಗ ಬಿಡಲಿಲ್ಲ. ಸಾಲು ಮಣಿಯ, ಕೊಂಡಿ ಹಾಕುವ ನಮೂನೆಗೆ ಬೇರೆಯೇ ಹೆಸರು ಬೇಕಾಯಿತು, ಪೌಂಚಿ ಆ ಜಾಗದಲ್ಲಿ ಕೂತಿತು. ನಿಮ್ಮ ನೆಂಟರ ಸಲಹೆಯಂತೆ ‘ಕೈಬಳೆ’ ಎಂದು ಬರೆದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಮಾವಿಯವರಿಗೆ ಬಳೆ ಬೇರೆ, ಪೌಂಚಿ ಬೇರೆ. ಅವರ ಬೇಸರಕ್ಕೆ ಅರ್ಥವಿದೆ.

ಈಗ ‘ಬಳೆ’ಗೆ ಬರೋಣ. ನನಗೆ ಹೆಚ್ಚು ಇಷ್ಟದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಬಳೆ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ‘ವಳೈ’, ಮಲೆಯಾಳದಲ್ಲಿ ‘ವಳ’, ಕನ್ನಡ, ತುಳು, ಕೊಡವ ತಕ್ಕ್ (ಕೊಡವರ ಭಾಷೆ) ಮೂರರಲ್ಲೂ ಬಕಾರ. ತಮಿಳು, ಮಲೆಯಾಳಗಳಲ್ಲಿ ಪದದ ಮೊದಲಲ್ಲಿ ವಕಾರ ಇರುವ ಕಡೆ ನಮ್ಮಲ್ಲಿ ಬಕಾರ ಬರುವುದು ನಿಯಮವೇ. ಅವರ ವಾ ನಮಗೆ ಬಾ, ಅವರ ವಿಲ್ ನಮಗೆ ಬಿಲ್ಲು, ಅವರ ವೇರ್ ನಮಗೆ ಬೇರು. ಆ ‘ವಳೈ’ ತಮಿಳಿನಲ್ಲಿ ಕ್ರಿಯಾಪದವೂ ಹೌದು. ಬಾಗು, ಬಾಗಿಸು, ಸುತ್ತುವರಿ ಎಂದು ಅರ್ಥ. ನಮ್ಮಲ್ಲಿ ಆ ಕ್ರಿಯೆ ‘ಬಳಸು’ ಎಂಬುದರಲ್ಲಿ ಉಳಿದಿದೆ. ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದಾಗ ಬಳಸು ದಾರಿ ಹಿಡಿಯುತ್ತೇವಲ್ಲ, ಆ ಬಳಸು. ಹಾಗಾದರೆ ಬಳೆ ಎಂದರೆ ಬಾಗಿದ್ದು, ಸುತ್ತುವರಿದದ್ದು. ಚಿನ್ನ, ಗಾಜು, ಶಂಖ ಯಾವುದರದ್ದು ಎಂಬ ಮಾತೇ ಪದದೊಳಗಿಲ್ಲ, ಆಕಾರ ಮಾತ್ರ ಇದೆ. ತೆಲುಗಿನವರು ಬೇರೆ ದಾರಿ ಹಿಡಿದರು. ಅವರಿಗೆ ‘ಗಾಜು’ ಎಂದರೆ ಗಾಜೂ ಹೌದು, ಬಳೆಯೂ ಹೌದು, ಮಾಡಿದ ವಸ್ತುವೇ ಹೆಸರಾಯಿತು. ಹಿಂದಿಯ ಪಹುಂಚೀಗೆ ತೊಡುವ ಅಂಗ ಹೆಸರಾಯಿತು. ಸಂಸ್ಕೃತದಲ್ಲಿ ಇದೇ ಮಾತು ತಲೆಕೆಳಗಾಗಿದೆ. ಮಣಿಗಳನ್ನು ಕಟ್ಟಿಕೊಳ್ಳುವ ಜಾಗ ಎಂದು ಕೈಗಂಟಿಗೇ ‘ಮಣಿಬಂಧ’ ಎಂದು ಹೆಸರಿಟ್ಟರು. ಒಡವೆ ಅಂಗಕ್ಕೆ ಹೆಸರು ಕೊಟ್ಟಿತು.

‘ಬಲ’ದಿಂದ ಬಳೆ ಎಂಬ ವಾಟ್ಸಾಪಿನ ಮಾತನ್ನು ಸುಮ್ಮನೆ ತಳ್ಳಿಹಾಕದೆ ಪರೀಕ್ಷಿಸೋಣ. ಲಕಾರ ಬೇರೆ, ಳಕಾರ ಬೇರೆ ಎಂದಷ್ಟೇ ಹೇಳಿ ಮುಗಿಸಲಾಗದು. ಹಳಗನ್ನಡದಲ್ಲಿ ಸಂಸ್ಕೃತದ ಲಕಾರ ಳಕಾರವಾಗುತ್ತಿತ್ತು, ಕಮಲ ‘ಕಮಳ’ ಆದಂತೆ. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ಅದಕ್ಕೆ ‘ಕ್ಷಳ’ ಎಂಬ ಹೆಸರನ್ನೇ ಇಟ್ಟಿದ್ದಾನೆ. ಆದ್ದರಿಂದ ಕನ್ನಡದೊಳಗೇ ನಿಂತು ನೋಡಿದರೆ ಬಲ, ಬಳೆ ಹತ್ತಿರದವು ಎನಿಸಬಹುದು. ನೆರೆಮನೆಗೆ ಹೋದರೆ ಬಣ್ಣ ಬಯಲು. ಸಂಸ್ಕೃತದ ‘ಬಲ’ ತಮಿಳಿಗೆ ‘ಬಲಂ’ ಆಗಿ ಹೋಯಿತೇ ಹೊರತು ‘ವಳೈ’ ಆಗಲಿಲ್ಲ. ತಮಿಳಿನಲ್ಲಿ ಗಟ್ಟಿ, ಬಲಿಷ್ಠ ಎನ್ನುವುದಕ್ಕೆ ಅದರದೇ ‘ವಲ್’ ಇದೆ, ಬಲೆಗೆ ‘ವಲೈ’ ಇದೆ, ಬಳೆಗೆ ‘ವಳೈ’ ಇದೆ. ಮೂರನ್ನೂ ಅವರು ಎಂದೂ ಬೆರೆಸಿಲ್ಲ. ಬಳೆ ತೊಟ್ಟರೆ ನರಗಳಿಗೆ ಬಲ ಬರುತ್ತದೆ, ರಕ್ತ ಸಂಚಾರ ಹೆಚ್ಚುತ್ತದೆ ಎಂದು ಅದೇ ಸಂದೇಶಗಳಲ್ಲಿ ಮುಂದುವರಿಯುತ್ತದೆ. ಪದದ ಹುಟ್ಟನ್ನು ಬಗ್ಗಿಸಿ ಅದರ ಮೇಲೆ ವೈದ್ಯ ಕಟ್ಟುವ ಚಾಳಿ ಅದು. ಅದರ ಗೊಡವೆ ನಮಗೆ ಬೇಡ.

ಸಂಸ್ಕೃತದ ‘ವಲಯ’ ಎಂಬ ಪದವೂ ಬಳೆಯೇ. ಅದು ಸಂಸ್ಕೃತದ್ದೇ ಧಾತುವಿನಿಂದ ಬಂತೋ, ದಕ್ಷಿಣದ ‘ವಳೈ’ಯಿಂದ ಹೋಯಿತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯವಿದೆ. ಸುತ್ತುವುದು, ಬಾಗುವುದು ಎಂಬ ಅರ್ಥ ಎರಡು ಕಡೆಯೂ ಇರುವುದರಿಂದ ಜಗಳ ಬೇಗ ತೀರುವಂಥದ್ದಲ್ಲ. ಆ ಪದದ ನಡೆ ಮಾತ್ರ ಸೊಗಸಾಗಿದೆ. ಕೈಬಳೆ, ಆಮೇಲೆ ಬಳೆಯಾಕಾರದ ಯಾವುದೇ ವೃತ್ತ, ಆಮೇಲೆ ಗೆರೆ ಎಳೆದು ಗುರುತಿಸಿದ ಪ್ರದೇಶ. ಆನೆ ತೋಟಕ್ಕೆ ನುಗ್ಗಿದಾಗ ನೀವು ದೂರು ಕೊಡುವುದು ‘ವಲಯ ಅರಣ್ಯಾಧಿಕಾರಿ’ಗೆ. ಪದದ ಮೂಲಕ್ಕೆ ಹೋದರೆ ಅವರು ಬಳೆಯ ಅಧಿಕಾರಿ. ಅವರ ಎದುರು ಇದನ್ನು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ಕಡಗದ ಕತೆಯೂ ಹೀಗೇ. ಸಂಸ್ಕೃತದ ‘ಕಟಕ’ ಪ್ರಾಕೃತದ ದಾರಿಯಲ್ಲಿ ಮೆತ್ತಗಾಗಿ ನಮ್ಮ ‘ಕಡಗ’ ಆಯಿತು, ಹಿಂದಿಯಲ್ಲಿ ‘ಕಡಾ’ ಆಯಿತು, ಸಿಖ್ಖರು ಕೈಗೆ ಹಾಕುವ ಕಬ್ಬಿಣದ ಕಡಾ ಅದೇ. ಕಟಕಕ್ಕೆ ಸೇನೆಯ ಬೀಡು, ರಾಜಧಾನಿ ಎಂಬ ಅರ್ಥವೂ ಇದೆ. ಒಡಿಶಾದ ಕಟಕ್ ನಗರದ ಹೆಸರು ಆ ಅರ್ಥದಿಂದ ಬಂದದ್ದು. ‘ನಾನೇನು ಕೈಗೆ ಬಳೆ ತೊಟ್ಟಿದ್ದೇನಾ’ ಎಂದು ಗಂಡಸರು ಮೀಸೆ ತಿರುವುವುದನ್ನು ಕೇಳಿದಾಗಲೆಲ್ಲ ನನಗೆ ಕಡಗ ನೆನಪಾಗುತ್ತದೆ. ಗಂಡು ದೇವರು, ರಾಜರು, ಯೋಧರು ಎಲ್ಲರೂ ಕೈಗೆ ಸುತ್ತಿಕೊಂಡವರೇ. ಯಾವುದೇ ಹಳೆ ದೇವಸ್ಥಾನದ ಗೋಡೆಯ ಮೂರ್ತಿಗಳ ಕೈ ನೋಡಿ. ಬೈಗುಳ ಇತ್ತೀಚಿನದು, ಒಡವೆ ಹಳೆಯದು. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕ ಕಂಚಿನ ಹುಡುಗಿಯ ಎತ್ತರ ಸುಮಾರು 10.5 ಸೆಂಟಿಮೀಟರ್ ಅಷ್ಟೇ, ಎಡಗೈ ಪೂರ್ತಿ ಬಳೆ. ಅವಳ ಭಾಷೆಯಲ್ಲಿ ಅದಕ್ಕೆ ಏನನ್ನುತ್ತಿದ್ದರೋ ಹೇಳುವವರಿಲ್ಲ.

‘ಕಂಕಣ’ವನ್ನು ನಿಮ್ಮ ಪುಸ್ತಕದಲ್ಲಿ ಪೌಂಚಿಯ ಬದಲಿಗೆ ಹಾಕುವ ಆಲೋಚನೆ ಯಾರಿಗಾದರೂ ಬಂದರೆ ಬೇಡ ಎನ್ನಿ. ಅಮರಕೋಶ ‘ಕಂಕಣಂ ಕರಭೂಷಣಂ’ ಎಂದು ಕೈಯ ಒಡವೆ ಎಂದೇ ಹೇಳುತ್ತದೆ, ನಿಜ. ಕನ್ನಡದಲ್ಲಿ ಮಾತ್ರ ಅದು ಒಡವೆಯಿಂದ ಬಹಳ ದೂರ ಬಂದಿದೆ. ಅರಿಸಿನ ಕೊಂಬು ಕಟ್ಟಿದ ದಾರವೇ ನಮಗೆ ಕಂಕಣ. ಮದುವೆ ಕೂಡಿಬರುವುದು ಕಂಕಣಬಲ, ಹಟ ಹಿಡಿದು ನಿಂತವನು ಕಂಕಣಬದ್ಧ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ದಕ್ಷಿಣ ಕೊಡಗಿನ ಕುಟ್ಟದ ಕಡೆಗೆ ಜನ ಹೋದದ್ದು ನಿಮಗೆ ನೆನಪಿರಬಹುದು, ಆ ದಿನ ಆಕಾಶದಲ್ಲಿ ಕಂಡದ್ದು ಕಂಕಣ ಗ್ರಹಣ. ಸಂಕಲ್ಪ, ಶಾಸ್ತ್ರ, ಉಂಗುರದಂಥ ಬೆಳಕು ಇಷ್ಟೆಲ್ಲ ಹೊತ್ತ ಪದವನ್ನು ಮೂರು ಸಾಲಿನ ಚಿನ್ನದ ಒಡವೆಗೆ ಅಂಟಿಸಿದರೆ ಓದುವವರು ಬೇರೇನನ್ನೋ ಊಹಿಸುತ್ತಾರೆ.

ಬ್ಯಾಂಗಲ್, ಬಂಗಾರದ ಮಾತು ಎರಡೇ ಸಾಲಿಗೆ ಮುಗಿಯುವಂಥದ್ದು. ಇಂಗ್ಲಿಷಿನವರು ಅದನ್ನು ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಹಿಂದಿಯ ‘ಬಂಗ್ಡೀ’ಯಿಂದ ತೆಗೆದುಕೊಂಡರು, ಮರಾಠಿಯಲ್ಲಿ ಇಂದಿಗೂ ಬಳೆಗೆ ‘ಬಾಂಗಡಿ’ ಎಂದೇ ಹೆಸರು. ನಮ್ಮ ‘ಬಂಗಾರ’ ಸಂಸ್ಕೃತದ ‘ಭೃಂಗಾರ’ದ ತದ್ಭವ, ಅದರ ದಾರಿಯೇ ಬೇರೆ. ಅಂಗಡಿಯವರು ಬರೆದ ‘ಬ್ರೇಸ್‌ಲೆಟ್’ ಲ್ಯಾಟಿನ್‌ನಲ್ಲಿ ತೋಳಿಗೆ ಇರುವ ‘ಬ್ರಾಕಿಯಂ’ ಎಂಬ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಅಂದರೆ ಅವರ ಪದವೂ ನಿಮ್ಮ ಮಾವಿಯವರ ಪದವೂ ಒಂದೇ ಉಪಾಯದಿಂದ ಹುಟ್ಟಿದವು, ಎರಡರಲ್ಲೂ ಅಂಗದ ಹೆಸರೇ ಒಡವೆಗೆ ಬಂದಿದೆ.

ಹುಟ್ಟು ಮಾತ್ರವಲ್ಲ, ಬಳಕೆಯೂ ಪದಕ್ಕೆ ಅರ್ಥ ಕೊಡುತ್ತದೆ. ಕೈಯ ಗಾಜಿನ ಬಳೆ ಚೂರಾದಾಗ ‘ಒಡೆಯಿತು’ ಎನ್ನದೆ ‘ಹೆಚ್ಚಿತು’ ಎನ್ನುವ ಹಿರಿಯರನ್ನು ನೀವೂ ಕಂಡಿರುತ್ತೀರಿ. ಒಡೆಯುವ ಮಾತು ಬಾಯಿಗೆ ಬರಬಾರದು ಎಂದು ಎದುರು ಪದ ಹಾಕುವುದು. ಮದುವೆಯ ಹಿಂದಿನ ದಿನ, ಊರ್‌ಕೂಡುವ ದಿನ, ಮದುಮಗಳಿಗೆ ಬಳೆ ಇಡುವಾಗ ಆ ಬಳೆಯ ಅರ್ಥ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ, ಆ ಮನೆಯ ಹೆಂಗಸರಲ್ಲಿ ಸಿಗುತ್ತದೆ. ಪೌಂಚಿಯೂ ಹಾಗೇ. ಹಿಂದಿಯವರ ನಿಘಂಟು ಅದರ ಹುಟ್ಟನ್ನು ಹೇಳೀತು. ಯಾವ ದಿನ ತೊಡಬೇಕು, ಮೊದಲ ಮಗಳಿಗೋ ಸೊಸೆಗೋ, ಒಕ್ಕದಿಂದ ಹೊರಗೆ ಹೋಗಬಹುದೋ ಎಂಬುದನ್ನು ಮಾವಿಯೇ ಹೇಳಬೇಕು.

ಈಗ ನೀವು ಏನು ಬರೆಯಬಹುದು ಎಂಬ ಪ್ರಶ್ನೆ. ಬರೀ ‘ಪೌಂಚಿ’ ಎಂದು ಬರೆದರೆ ನಿಮಗೆ ಸಾಕು, ಬೆಂಗಳೂರಿನಲ್ಲೋ ದುಬೈಯಲ್ಲೋ ಬೆಳೆಯುವ ಮೊಮ್ಮಕ್ಕಳಿಗೆ ಸಾಲದು, ಅವರಿಗೆ ಅದು ಕಿವಿಯದೋ ಕಾಲಿನದೋ ತಿಳಿಯದು. ಬರೀ ‘ಬಳೆ’ ಅಥವಾ ‘ಬ್ರೇಸ್‌ಲೆಟ್’ ಎಂದರೆ ಇನ್ನೂ ದೊಡ್ಡ ತೊಂದರೆ. ಹಳೆ ಪಾಲುಪಟ್ಟಿಗಳನ್ನು ಓದುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಾಣುವುದು ‘ಚಿನ್ನದ ಬಳೆ ಒಂದು ಜೊತೆ’ ಎಂಬ ಸಾಲು. ಬರೆದವರಿಗೆ ಯಾವ ಜೊತೆ ಎಂದು ಗೊತ್ತಿತ್ತು. ಎರಡು ತಲೆಮಾರು ಕಳೆದ ಮೇಲೆ ಪೆಟ್ಟಿಗೆಯಲ್ಲಿ ನಾಲ್ಕು ಜೊತೆ ಇರುತ್ತದೆ, ನಾಲ್ಕು ಮನೆಯವರೂ ಅದು ತಮ್ಮದೇ ಎನ್ನುತ್ತಾರೆ. ‘ಪೌಂಚಿ’ ಎಂದು ಬರೆದಿದ್ದರೆ ಆ ಜಗಳವೇ ಇರುತ್ತಿರಲಿಲ್ಲ.

ಆದ್ದರಿಂದ ಮಾವಿ ಹೇಳುವ ಹೆಸರು ಮೊದಲು ದೊಡ್ಡಕ್ಷರದಲ್ಲಿ. ಅದರ ಕೆಳಗೆ ಸರಳ ಕನ್ನಡದಲ್ಲಿ ‘ಮಣಿಕಟ್ಟಿಗೆ ತೊಡುವ, ಮೂರು ಸಾಲಿನ, ಕೊಂಡಿ ಇರುವ ಚಿನ್ನದ ಒಡವೆ, ಒಂದು ಜೊತೆ’ ಎಂಬಂಥ ವಿವರ. ತೂಕ, ಯಾರಿಂದ ಯಾರಿಗೆ ಬಂತು, ಫೋಟೊ. ಹುಟ್ಟಿನ ಬಗ್ಗೆ ಒಂದು ಸಾಲು ಹಾಕಲೇಬೇಕೆಂದಿದ್ದರೆ ‘ಹಿಂದಿಯ ಪಹುಂಚೀ ಮೂಲ’ ಎಂದು ಹಾಕಿ. ಅಡಗಿಸಿಟ್ಟರೆ ನಾಳೆ ಯಾರೋ ಕಂಡುಹಿಡಿದವರಂತೆ ಬಂದು ಹೇಳುತ್ತಾರೆ, ನೀವೇ ಬರೆದಿದ್ದರೆ ಅವರ ಬಾಯಿ ಕಟ್ಟಿರುತ್ತದೆ. ಮನೆಯಲ್ಲಿ ಕೆಲವರು ‘ಪವಂಚಿ’ ಎಂದೋ ‘ಪೊಂಚಿ’ ಎಂದೋ ಅನ್ನುವುದಿದ್ದರೆ ತಿದ್ದಲು ಹೋಗದೆ ಅವನ್ನೂ ಪಕ್ಕದಲ್ಲಿ ಸೇರಿಸಿ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಸರಿಯಾದ ಅಕ್ಷರವಿಲ್ಲ. ಹಾಗಾಗಿ ಮಾವಿಯವರ ಬಾಯಲ್ಲೇ ಎಲ್ಲ ಒಡವೆಗಳ ಹೆಸರನ್ನು ಫೋನಿನಲ್ಲಿ ಮುದ್ರಿಸಿಟ್ಟುಕೊಳ್ಳಿ. ಬರಹ ತಪ್ಪಿಸುವುದನ್ನು ದನಿ ಹಿಡಿದಿಡುತ್ತದೆ.

ತೂಕದ ಬಗ್ಗೆ ಒಂದು ಎಚ್ಚರಿಕೆ, ಇದು ನನ್ನ ಕ್ಷೇತ್ರವಲ್ಲದಿದ್ದರೂ ಹೇಳಿಬಿಡುತ್ತೇನೆ. ಕೊಡಗಿನ ಹಳೆ ಒಡವೆಗಳಲ್ಲಿ ಅನೇಕವು ತೆಳು ಚಿನ್ನದ ತಗಡಿನವು, ಒಳಗೆ ಅರಗು ತುಂಬಿರುತ್ತದೆ. ಅಂಗಡಿಯವರು ಬರೆದ ತೂಕ ಅರಗು, ಕಲ್ಲು ಸೇರಿದ್ದೋ ಬರೀ ಚಿನ್ನದ್ದೋ ಎಂದು ಕೇಳಿ ಬರೆಸಿಕೊಳ್ಳಿ. ಕರಗಿಸಿ ಹೊಸದು ಮಾಡಿಸಿ ಎಂಬ ಸಲಹೆ ಬಂದರೆ, ಅರಗು ಹೋದ ಮೇಲೆ ಕೈಗೆ ಸಿಗುವ ಚಿನ್ನ ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇರಬಹುದು, ಆ ಕೆಲಸವಂತೂ ಮತ್ತೆ ಬಾರದು.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಇನ್ನೊಂದು ಸಂಜೆ ಮಾವಿಯವರ ಜೊತೆ ಕೂತು, ಪೌಂಚಿಯ ಬಿಡಿ ಭಾಗಗಳನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ. ಕೊಂಡಿಗೆ ಏನು, ಅದರೊಳಗೆ ತೂರುವ ಕಡ್ಡಿಗೆ ಏನು, ಸಾಲಿನ ಗುಂಡುಗಳಿಗೆ ಏನು. ಒಡವೆಯ ಹೆಸರು ನಿಘಂಟುಗಳಲ್ಲಿ ಹೇಗೋ ಸಿಗುತ್ತದೆ, ಈ ಚಿಕ್ಕ ಪದಗಳು ಸಾಮಾನ್ಯವಾಗಿ ಎಲ್ಲೂ ದಾಖಲಾಗಿರುವುದಿಲ್ಲ. ಸಿಕ್ಕಿದ್ದನ್ನು ನನಗೂ ಬರೆದು ಕಳಿಸಿದರೆ ಉಪಕಾರ.